ಗೂಗಲ್ ತಾನೇ ಉತ್ತರ ಹೇಳುವಾಗ ಪ್ರಚಾರದ ಹಣ ಎಲ್ಲಿ ಹಾಕಬೇಕು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ವ್ಯಾಪಾರಿಗಳಿಗೆ ಒಂದು ಹೋಲಿಕೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ ಮಾಲೀಕರು, ಗೋಕಾಕ ಮತ್ತು ಅಮೀನಗಡದ ಕರದಂಟಿನ ಅಂಗಡಿಯವರು, ಇಳಕಲ್ಲಿನ ಸೀರೆ ವ್ಯಾಪಾರಿಗಳು, ತಿಕೋಟಾದ ಒಣದ್ರಾಕ್ಷಿ ಬೆಳೆಗಾರರು, ಬಾದಾಮಿಯ ವಸತಿಗೃಹದವರು. ಕಸುಬು ಬೇರೆ ಬೇರೆಯಾದರೂ ಇವರೆಲ್ಲರ ಮುಂದೆ ಈಗ ಇರುವ ಪ್ರಶ್ನೆ ಒಂದೇ. ಪ್ರಚಾರಕ್ಕೆಂದು ಎತ್ತಿಡುವ ಹಣವನ್ನು ವೆಬ್‌ಸೈಟಿಗೆ ಹಾಕಬೇಕೋ, ಇನ್‌ಸ್ಟಾಗ್ರಾಮಿಗೋ, ಗೂಗಲ್ ಜಾಹೀರಾತಿಗೋ? ವಿನ್ಯಾಸಕರಿಗೆ ಕೊಡಬೇಕೋ, ಮೊಬೈಲಿನಲ್ಲೇ ಎಐ ಬಳಸಿ ಮಾಡಿಕೊಂಡರೆ ಸಾಕೋ? ಎಲ್ಲರಿಗೂ ಒಂದೇ ಪ್ಯಾಕೇಜ್ ಮಾರುವವರಿಗೆ ಕೊರತೆಯಿಲ್ಲ. ಆದರೆ ಈ ಐವರ ಗಿರಾಕಿಗಳು ಹುಡುಕುವ ರೀತಿಯೇ ಬೇರೆ, ಹಾಗಾಗಿ ಉತ್ತರವೂ ಒಂದೇ ಆಗಲಾರದು. ಒಂದು ಮಾತನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಕಸುಬಿನ ಬಗ್ಗೆ ನಿಮಗಷ್ಟೇ ಗೊತ್ತಿರುವ ಸಂಗತಿಯನ್ನು ನಿಮ್ಮದೇ ಹೆಸರಿನ ಜಾಗದಲ್ಲಿ ಸ್ಪಷ್ಟವಾಗಿ ಬರೆದಿಡುವುದಕ್ಕೆ ಮೊದಲ ಹಣ ಹೋಗಬೇಕು. ಉಳಿದವುಗಳ ಆಯ್ಕೆ ಆಮೇಲೆ.

ಹುಡುಕಾಟದಲ್ಲಿ ಬದಲಾಗಿರುವುದು ಏನು?

ಹಿಂದೆ ಗೂಗಲ್ ಎಂದರೆ ಕೊಂಡಿಗಳ ಪಟ್ಟಿ. ನೀವು ಮೂರನೆಯ ಸಾಲಿನಲ್ಲಿ ಕಾಣಿಸಿಕೊಂಡರೂ ಒಂದಿಷ್ಟು ಜನ ಒತ್ತಿ ಒಳಗೆ ಬರುತ್ತಿದ್ದರು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದಲ್ಲಿ, ಪಟ್ಟಿಯ ಮೇಲೆ ಎಐ ಬರೆದ ಸಾರಾಂಶ ಕಾಣಿಸತೊಡಗಿತು. 2025ರಲ್ಲಿ ಎಐ ಮೋಡ್ ಬಂದಿತು. ಅಲ್ಲಿ ಪಟ್ಟಿಗಿಂತ ಸಂಭಾಷಣೆಯೇ ಮುಖ್ಯ. ಚಾಟ್‌ಜಿಪಿಟಿಗೂ 2024ರ ಅಕ್ಟೋಬರ್ ಕೊನೆಯಲ್ಲಿ ಅಂತರ್ಜಾಲ ಹುಡುಕಾಟ ಸೇರಿಕೊಂಡಿತು.

ಇದರಿಂದ ಭೇಟಿಗಳು ಕಡಿಮೆಯಾಗಿರುವುದು ನಿಜ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2025ರ ಜುಲೈನಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಎಐ ಸಾರಾಂಶ ಇದ್ದ ಪುಟಗಳಲ್ಲಿ ಜನರು ಸಾಮಾನ್ಯ ಕೊಂಡಿಯನ್ನು ಒತ್ತಿದ್ದು ಶೇ 8ರಷ್ಟು ಸಲ. ಸಾರಾಂಶ ಇಲ್ಲದ ಪುಟಗಳಲ್ಲಿ ಶೇ 15ರಷ್ಟು. ಸಾರಾಂಶದ ಒಳಗಿರುವ ಕೊಂಡಿಯನ್ನು ಒತ್ತಿದ್ದು ಶೇ 1ರಷ್ಟು ಮಾತ್ರ. ಅದು ಅಮೆರಿಕದ ಲೆಕ್ಕ, ಬೆಳಗಾವಿಯದಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ.

ಈ ಅಂಕಿಗಳನ್ನು ಕೇಳಿ ವೆಬ್‌ಸೈಟೇ ಬೇಡ ಎನ್ನುವುದು ಅವಸರದ ತೀರ್ಮಾನ. ಎಐ ಉತ್ತರವು ಶೂನ್ಯದಿಂದ ಹುಟ್ಟುವುದಿಲ್ಲ. ಕೇಳಿದ ಪ್ರಶ್ನೆಯನ್ನು ಅದು ಹಲವು ಸಣ್ಣ ಪ್ರಶ್ನೆಗಳಾಗಿ ಒಡೆಯುತ್ತದೆ, ಒಂದೊಂದಕ್ಕೂ ಪುಟಗಳನ್ನು ಹುಡುಕುತ್ತದೆ, ಸಿಕ್ಕಿದ್ದನ್ನು ಜೋಡಿಸುತ್ತದೆ. ಒಬ್ಬರು ಹೀಗೆ ಕೇಳಿದರೆಂದುಕೊಳ್ಳೋಣ: 'ವಯಸ್ಸಾದ ತಂದೆ ತಾಯಿಯ ಜೊತೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ಎರಡು ದಿನದಲ್ಲಿ ನೋಡಬೇಕು, ಮೆಟ್ಟಿಲು ಹತ್ತುವುದು ಕಷ್ಟ, ಎಲ್ಲಿ ಉಳಿಯಬೇಕು?' ಹತ್ತು ವರ್ಷದ ಹಿಂದೆ ಇದೇ ಜನ 'ಬಾದಾಮಿ ಹೋಟೆಲ್' ಎಂದಷ್ಟೇ ಬರೆಯುತ್ತಿದ್ದರು. ಈಗ ಪ್ರಶ್ನೆ ಉದ್ದವಾಗಿದೆ, ಅದರಲ್ಲಿ ಮನೆಯ ಪರಿಸ್ಥಿತಿಯೂ ಇದೆ. ನೆಲಮಹಡಿಯಲ್ಲಿ ಕೋಣೆ ಇದೆಯೇ, ಗುಹಾಲಯಕ್ಕೆ ಎಷ್ಟು ದೂರ, ಬೇಸಿಗೆಯಲ್ಲಿ ಯಾವ ಹೊತ್ತಿಗೆ ಹೊರಟರೆ ಮಧ್ಯಾಹ್ನದ ಬಿಸಿಲು ತಪ್ಪುತ್ತದೆ, ಆಟೊ ಬಾಗಿಲವರೆಗೆ ಬರುತ್ತದೆಯೇ ಎಂದು ಬರೆದಿಟ್ಟ ವಸತಿಗೃಹಕ್ಕೆ ಆ ಉತ್ತರದಲ್ಲಿ ಸೇರುವ ಅವಕಾಶವಿದೆ. 'ಅತ್ಯುತ್ತಮ ಸೇವೆ, ಮನೆಯ ವಾತಾವರಣ' ಎಂದು ಬರೆದವರಿಂದ ಯಂತ್ರ ಎತ್ತಿಕೊಳ್ಳಬಹುದಾದ ಸಂಗತಿ ಒಂದೂ ಇಲ್ಲ.

ಇದಕ್ಕಾಗಿ ವಿಶೇಷ ತಂತ್ರವನ್ನು ಕೊಳ್ಳಬೇಕು ಎನ್ನುವವರನ್ನು ನಂಬಬೇಡಿ. ಎಐ ಸಾರಾಂಶದಲ್ಲಿ ಕಾಣಿಸಿಕೊಳ್ಳಲು ಬೇರೆ ತಾಂತ್ರಿಕ ಷರತ್ತುಗಳಿಲ್ಲ, ಪುಟವು ಸಾಮಾನ್ಯ ಹುಡುಕಾಟದಲ್ಲಿ ದಾಖಲಾಗಿ, ಫಲಿತಾಂಶದಲ್ಲಿ ಅದರ ಬರಹದ ತುಣುಕು ತೋರಿಸಲು ಅರ್ಹವಾಗಿದ್ದರೆ ಸಾಕು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಪುಟದಲ್ಲಿ ಪ್ರಶ್ನೋತ್ತರ ಇದೆ ಎಂದು ಗೂಗಲ್‌ಗೆ ತಿಳಿಸುವ ಕೋಡ್ ಹಾಕಿಕೊಡುತ್ತೇವೆ, ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುತ್ತದೆ ಎಂದು ಈಗಲೂ ಹಣ ಕೇಳುವವರಿದ್ದಾರೆ. ಆ ಸೌಲಭ್ಯವನ್ನು ಗೂಗಲ್ 2023ರ ಆಗಸ್ಟ್‌ನಲ್ಲೇ ಸರ್ಕಾರಿ ಮತ್ತು ಆರೋಗ್ಯ ಕ್ಷೇತ್ರದ ಪ್ರಮುಖ ತಾಣಗಳಿಗೆ ಸೀಮಿತಗೊಳಿಸಿತು. ಗಿರಾಕಿ ಕೇಳುವ ಪ್ರಶ್ನೆಗೆ ಪುಟದಲ್ಲಿ ಉತ್ತರ ಬರೆಯುವುದು ಒಳ್ಳೆಯದೇ, ಆದರೆ ಅದನ್ನು ನೀವೇ ಬರೆಯಬಲ್ಲಿರಿ.

ನಕ್ಷೆಯ ಖಾತೆಯೋ, ಸ್ವಂತ ವೆಬ್‌ಸೈಟೋ?

ಗೂಗಲ್ ನಕ್ಷೆಯಲ್ಲಿ ನಿಮ್ಮ ಅಂಗಡಿಯನ್ನು ತೋರಿಸುವ ಖಾತೆ, ಅಂದರೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಉಚಿತ. ಅಂಗಡಿಗೆ ಕಾಲಿಟ್ಟು ಬರುವ ಗಿರಾಕಿಯೇ ನಿಮ್ಮ ಜೀವಾಳವಾಗಿದ್ದರೆ ಇದಕ್ಕಿಂತ ದೊಡ್ಡ ಸಾಧನ ಇನ್ನೊಂದಿಲ್ಲ. ಖಡೇಬಜಾರಿನಲ್ಲಿ ನಿಂತು ಕುಂದಾ ಹುಡುಕುವವರು ವೆಬ್‌ಸೈಟ್ ಓದುವುದಿಲ್ಲ. ನಕ್ಷೆ ತೆರೆದು ಹತ್ತಿರದ್ದು ಯಾವುದು, ಈಗ ತೆರೆದಿದೆಯೇ, ಜನ ಏನು ಹೇಳಿದ್ದಾರೆ ಎಂದು ನೋಡುತ್ತಾರೆ. ಸ್ಥಳೀಯ ಫಲಿತಾಂಶಕ್ಕೆ ಗೂಗಲ್ ಮೂರು ಆಧಾರಗಳನ್ನು ಹೇಳುತ್ತದೆ: ಕೇಳಿದ್ದಕ್ಕೆ ನಿಮ್ಮ ವ್ಯಾಪಾರ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರಾಗಿದೆ. ದೂರವನ್ನು ನೀವು ಬದಲಿಸಲಾರಿರಿ. ಉಳಿದೆರಡು ನಿಮ್ಮ ಕೈಯಲ್ಲಿವೆ. ವರ್ಗವನ್ನು ಸರಿಯಾಗಿ ಆರಿಸಿ. ಜಾತ್ರೆ, ಹಬ್ಬ, ಸಂತೆಯ ದಿನಗಳ ಸಮಯವನ್ನು ಆಗಾಗ ತಿದ್ದಿ. ಹಲಗೆ ಕಾಣುವಂತೆ ಹೊರಗಿನ ಚಿತ್ರ ಹಾಕಿ. ಪ್ರತಿ ವಿಮರ್ಶೆಗೂ ಹೆಸರು ಹಿಡಿದು ಉತ್ತರಿಸಿ. ವಿಮರ್ಶೆ ಬರೆದರೆ ರಿಯಾಯಿತಿ ಕೊಡುತ್ತೇವೆ ಎನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಹಣ ಕೊಟ್ಟು ಬರೆಸಿದ ಸುಳ್ಳು ವಿಮರ್ಶೆಗಳು ಖಾತೆಯನ್ನೇ ಅಮಾನತು ಮಾಡಿಸಬಹುದು.

ಹಾಗಾದರೆ ಇಷ್ಟೇ ಸಾಕೇ? ಸಾಲದು. ಇದೇ ಪ್ರೊಫೈಲಿನ ಜೊತೆಗೆ ಗೂಗಲ್ ಒಂದು ಪುಟ್ಟ ಉಚಿತ ವೆಬ್‌ಸೈಟನ್ನೂ ಕೊಡುತ್ತಿತ್ತು. ಎಷ್ಟೋ ಸಣ್ಣ ವ್ಯಾಪಾರಿಗಳು ಅದನ್ನೇ ನಂಬಿ, ವಿಳಾಸವನ್ನು ಬಿಲ್ಲಿನ ಮೇಲೂ ಚೀಲದ ಮೇಲೂ ಮುದ್ರಿಸಿಕೊಂಡಿದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ವೆಬ್‌ಸೈಟುಗಳನ್ನೆಲ್ಲ ನಿಲ್ಲಿಸಿತು. ಹಳೆಯ ವಿಳಾಸಗಳು ಪ್ರೊಫೈಲಿಗೆ ತಲುಪುತ್ತಿದ್ದುದೂ ಜೂನ್‌ನಲ್ಲಿ ಕೊನೆಗೊಂಡಿತು. ಅದೇ ಜುಲೈ ಅಂತ್ಯಕ್ಕೆ ಪ್ರೊಫೈಲಿನೊಳಗಿನ ಚಾಟ್ ಸೌಲಭ್ಯವೂ ಮುಚ್ಚಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದರ ಮೇಲೆ ನಿಂತ ವ್ಯಾಪಾರಗಳಿಗೂ ಹೀಗೇ ಆಯಿತು. ಬಾಡಿಗೆ ಮಳಿಗೆಯಲ್ಲಿ ಎಷ್ಟು ಚೆನ್ನಾಗಿ ಕಪಾಟು ಕಟ್ಟಿಸಿದರೂ ಮಾಲೀಕ ಬಿಡು ಎಂದ ದಿನ ಬಿಡಲೇಬೇಕು.

ಸ್ವಂತ ಡೊಮೇನ್ ಹೆಸರಿಗೆ, ಅಂದರೆ ನಿಮ್ಮದೇ ವೆಬ್‌ಸೈಟ್ ವಿಳಾಸಕ್ಕೆ, ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಸಾಕು. ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ಎರಡನೆಯ ವರ್ಷದ ನವೀಕರಣ ಶುಲ್ಕವನ್ನು ಕೇಳಿ. ವೆಬ್‌ಸೈಟ್ ದೊಡ್ಡದಾಗಿರಬೇಕಿಲ್ಲ, ನಾಲ್ಕೈದು ಪುಟ ಸಾಕು. ಆದರೆ ಆ ಪುಟಗಳಲ್ಲಿ ಸರಕಿರಬೇಕು.

ಫೌಂಡ್ರಿಯವರಿಗಂತೂ ವೆಬ್‌ಸೈಟೇ ಮೊದಲು. ಕೊಲ್ಹಾಪುರದ ಅಥವಾ ಪುಣೆಯ ಖರೀದಿ ಅಧಿಕಾರಿ ನಕ್ಷೆಯಲ್ಲಿ ಫೌಂಡ್ರಿ ಹುಡುಕುವುದಿಲ್ಲ. ಯಾವ ದರ್ಜೆಯ ಎರಕ, ಗ್ರೇ ಐರನ್ನೋ ಎಸ್‌ಜಿ ಐರನ್ನೋ, ಒಂದು ತುಂಡಿನ ತೂಕ ಎಷ್ಟರಿಂದ ಎಷ್ಟರವರೆಗೆ, ಮಷೀನಿಂಗ್ ಅಲ್ಲೇ ಇದೆಯೇ, ಪರೀಕ್ಷೆಗೆ ಯಾವ ಉಪಕರಣಗಳಿವೆ, ಯಾವ ಪ್ರಮಾಣಪತ್ರಗಳಿವೆ ಎಂಬುದು ಅವರಿಗೆ ಬೇಕು. ಈ ವಿವರಗಳನ್ನು ಪಿಡಿಎಫ್ ಕ್ಯಾಟಲಾಗಿನೊಳಗೆ ಚಿತ್ರವಾಗಿ ಸೇರಿಸಿಟ್ಟರೆ ಹುಡುಕಾಟದ ಯಂತ್ರಕ್ಕೆ ಅದನ್ನು ಓದುವುದು ಕಷ್ಟ. ಪುಟದಲ್ಲಿ ಅಕ್ಷರವಾಗಿ, ಕೋಷ್ಟಕವಾಗಿ ಇಡಿ. ಇಂಡಿಯಾಮಾರ್ಟ್‌ನಂಥ ವ್ಯಾಪಾರಿ ಪಟ್ಟಿಗಳಿಂದಲೂ ವಿಚಾರಣೆ ಬರುತ್ತದೆ, ಆದರೆ ಅದೇ ವಿಚಾರಣೆ ಇತರ ಮಾರಾಟಗಾರರಿಗೂ ಹೋಗುವುದರಿಂದ ಮಾತು ಬೇಗನೆ ದರದ ಪೈಪೋಟಿಗೆ ಇಳಿಯುತ್ತದೆ. ನಿಮ್ಮ ಕೆಲಸದ ನಿಖರತೆಯೇ ನಿಮ್ಮ ಬಲವಾಗಿದ್ದರೆ, ಅದನ್ನು ತೋರಿಸುವ ಜಾಗ ನಿಮ್ಮದೇ ಆಗಿರಬೇಕು.

ವೆಬ್‌ಸೈಟ್ ಕಟ್ಟುವ ವಿಧಾನದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ವರ್ಡ್‌ಪ್ರೆಸ್ ಆದರೆ ನಾಳೆ ಬೇರೆ ಕಡೆಗೆ ಸಾಗಿಸುವುದು ಸುಲಭ, ಆದರೆ ಆಗಾಗ ನವೀಕರಿಸುವವರು ಬೇಕು. ಜೋಹೊ, ವಿಕ್ಸ್‌ನಂಥ ಸಿದ್ಧ ವೇದಿಕೆಯಲ್ಲಿ ಆ ತಲೆನೋವಿಲ್ಲ, ಆದರೆ ಅಲ್ಲಿಂದ ಹೊರಬರುವುದು ಕಷ್ಟ. ಎಐ ನಿಮಿಷಗಳಲ್ಲಿ ಕಟ್ಟಿಕೊಡುವ ಸೈಟ್ ನೋಡಲು ಚೆನ್ನಾಗಿರುತ್ತದೆ. ಒಳಗಿನ ಮಾತು ಮಾತ್ರ ಯಾವ ಊರಿನ ಯಾವ ಅಂಗಡಿಗೂ ಹೊಂದುವಂಥದ್ದು. ಯಾವುದನ್ನೇ ಆರಿಸಿದರೂ ಮೊಬೈಲಿನಲ್ಲಿ ಪರೀಕ್ಷಿಸಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ವೇಗದ ಸಂಪರ್ಕವಿರುವ ಕಚೇರಿಯಲ್ಲಿ ಕೂತು ನೋಡಿದರೆ ಎಲ್ಲ ಸೈಟುಗಳೂ ವೇಗವೇ. ಬಾಗಲಕೋಟೆಯಿಂದ ಬೀಳಗಿಗೆ ಹೋಗುವ ಬಸ್ಸಿನಲ್ಲಿ ತೆರೆದು ನೋಡಿ.

ಊರಿನ ಹೆಸರು ಮತ್ತು ಭಾಷೆ

ನಮ್ಮ ಭಾಗದಲ್ಲಿ ಊರಿನ ಹೆಸರಿನ ತೊಡಕು ಒಂದಿದೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಬೆಳಗಾವಿ, ವಿಜಯಪುರ ಎಂಬ ಹೆಸರುಗಳು ಅಧಿಕೃತವಾದವು. ಆದರೆ ಗೋವಾದಿಂದ, ಮಹಾರಾಷ್ಟ್ರದಿಂದ ಹುಡುಕುವವರು ಇಂದಿಗೂ ಬೆಳಗಾಂ, ಬಿಜಾಪುರ ಎಂದೇ ಬರೆಯುತ್ತಾರೆ. ಬಿಜಾಪುರ ಎಂಬ ಜಿಲ್ಲೆ ಛತ್ತೀಸಗಢದಲ್ಲಿಯೂ ಇದೆ. ವಿಜಯಪುರ ಎಂದರೆ ಬೆಂಗಳೂರಿನ ಸಮೀಪದ ದೇವನಹಳ್ಳಿ ತಾಲ್ಲೂಕಿನ ಪಟ್ಟಣವೂ ಆಗಬಹುದು. ಹಾಗಾಗಿ ಪುಟದಲ್ಲಿ ಕೊಡುವ ಅಂಚೆ ವಿಳಾಸದಲ್ಲಿ ಹೊಸ ಹೆಸರು, ಕರ್ನಾಟಕ ಎಂಬ ಪದ, ಪಿನ್ ಕೋಡ್ ಇರಲಿ. ಪರಿಚಯದ ವಾಕ್ಯದಲ್ಲಿ ಹಳೆಯ ಹೆಸರೂ ಒಮ್ಮೆ ಸಹಜವಾಗಿ ಬರಲಿ. ಗೋಳಗುಮ್ಮಟದಿಂದ ಎಷ್ಟು ದೂರ ಎಂದು ಬರೆದರೆ ಗೊಂದಲಕ್ಕೆ ಜಾಗವೇ ಉಳಿಯುವುದಿಲ್ಲ.

ಭಾಷೆಯ ಆಯ್ಕೆಯೂ ಗಿರಾಕಿಯನ್ನು ನೋಡಿಯೇ ಆಗಬೇಕು. ಕನ್ನಡದಲ್ಲಿ ಒಳ್ಳೆಯ ವ್ಯಾಪಾರಿ ಪುಟಗಳು ಕಡಿಮೆ. ಇಂಗ್ಲಿಷಿನಲ್ಲಿ ನೂರು ಜನರ ಜೊತೆ ಸ್ಪರ್ಧಿಸಬೇಕಾದ ವಿಷಯಕ್ಕೆ ಕನ್ನಡದಲ್ಲಿ ನೀವೊಬ್ಬರೇ ಇರಬಹುದು. ದ್ರಾಕ್ಷಿ ತೋಟದ ಔಷಧಿ, ಹನಿ ನೀರಾವರಿಯ ಬಿಡಿಭಾಗ, ಟ್ರ್ಯಾಕ್ಟರ್ ದುರಸ್ತಿ, ಕೋಚಿಂಗ್ ತರಗತಿ ಇಂಥವಕ್ಕೆಲ್ಲ ಕನ್ನಡವೇ ಮೊದಲು. ಬೆಳಗಾವಿ ನಗರದ ಬಟ್ಟೆ, ಚಿನ್ನ, ಸಿಹಿತಿಂಡಿಗಳಿಗೆ ಕನ್ನಡದ ಜೊತೆ ಮರಾಠಿ ಪುಟವೂ ಬೇಕು, ಏಕೆಂದರೆ ಗಿರಾಕಿ ಸಾಂಗಲಿ, ಕೊಲ್ಹಾಪುರಗಳಿಂದಲೂ ಬರುತ್ತಾರೆ. ಫೌಂಡ್ರಿಗೆ ಇಂಗ್ಲಿಷ್ ಸಾಕು. ಆದರೆ ಒಂದು ಪುಟ ಬರೆದು ಯಂತ್ರದಿಂದ ಹತ್ತು ಭಾಷೆಗೆ ಅನುವಾದಿಸಿ, ಯಾರೂ ಕಣ್ಣಾಡಿಸದೆ ಏರಿಸುವುದು ಬೇಡ. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ರಾಶಿಯಾಗಿ ಹುಟ್ಟಿಸುವುದನ್ನು, ಅದು ಎಐ ಮಾಡಿದ್ದಾಗಲಿ ಮನುಷ್ಯ ಮಾಡಿದ್ದಾಗಲಿ, ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಎಂದೇ ಪರಿಗಣಿಸುತ್ತದೆ.

ಇನ್‌ಸ್ಟಾಗ್ರಾಮ್ ಮತ್ತು ವಾಟ್ಸಾಪ್

ಇವೆರಡರ ಕೆಲಸ ಬೇರೆ. ಇನ್‌ಸ್ಟಾಗ್ರಾಮ್ ನಿಮ್ಮನ್ನು ಗೊತ್ತಿಲ್ಲದವರಿಗೆ ತೋರಿಸುತ್ತದೆ, ವಾಟ್ಸಾಪ್ ಗೊತ್ತಿರುವವರನ್ನು ಉಳಿಸಿಕೊಡುತ್ತದೆ. ಸೀರೆ, ಕಸೂತಿ, ತಿಂಡಿ, ವಸತಿಗೃಹ ಹೀಗೆ ಕಣ್ಣಿಗೆ ಕಟ್ಟುವ ವ್ಯಾಪಾರಕ್ಕೆ ರೀಲ್ಸ್ ಬೇಕೇ ಬೇಕು. ಮಗ್ಗದ ಮೇಲೆ ಸೆರಗು ಮೂಡುವುದನ್ನು ಅರ್ಧ ನಿಮಿಷ ತೋರಿಸಿದರೆ ಯಾವ ಜಾಹೀರಾತಿನ ಮಾತೂ ಬೇಡ. ವೃತ್ತಿಪರ ಖಾತೆಗಳ ಸಾರ್ವಜನಿಕ ಪೋಸ್ಟುಗಳು 2025ರ ಜುಲೈನಿಂದ ಗೂಗಲ್ ಫಲಿತಾಂಶಗಳಲ್ಲಿಯೂ ಕಾಣಿಸಿಕೊಳ್ಳಬಹುದಾಗಿವೆ. ಆದ್ದರಿಂದ ಚಿತ್ರದ ಕೆಳಗಿನ ಬರಹವನ್ನು ಹ್ಯಾಷ್‌ಟ್ಯಾಗುಗಳಿಂದ ತುಂಬಿಸದೆ ಒಂದೆರಡು ನಿಜವಾದ ವಾಕ್ಯ ಬರೆಯಿರಿ: ಯಾವ ನೂಲು, ಯಾವ ಅಂಚು, ಎಷ್ಟು ಉದ್ದ, ಎಲ್ಲಿ ಸಿಗುತ್ತದೆ.

ಒಣದ್ರಾಕ್ಷಿ, ಬೆಲ್ಲ, ಖಾರದಪುಡಿ, ಒಣ ರೊಟ್ಟಿಯಂಥ ಮತ್ತೆ ಮತ್ತೆ ಕೊಳ್ಳುವ ಪದಾರ್ಥಗಳಿಗೆ ನಾನಾದರೆ ವಾಟ್ಸಾಪ್ ಬಿಸಿನೆಸ್ ಆರಿಸುತ್ತೇನೆ. ಆ್ಯಪ್ ಉಚಿತ, ಕ್ಯಾಟಲಾಗ್ ಇದೆ. ಒಂದು ಮಿತಿ ನೆನಪಿರಲಿ: ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನಕ್ಕೆ ಅವಕಾಶವಿದೆ, ಅದರಲ್ಲೂ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಪೊಟ್ಟಣದ ಮೇಲೆ 'ಈ ಸಂಖ್ಯೆ ಉಳಿಸಿಕೊಳ್ಳಿ' ಎಂದು ಮುದ್ರಿಸುವುದಕ್ಕೆ ಖರ್ಚು ಏನೂ ಇಲ್ಲ. ಸಾವಿರಾರು ಜನರಿಗೆ ಕಳುಹಿಸುವ ದೊಡ್ಡ ವ್ಯವಸ್ಥೆಗೆ ಸಂದೇಶದ ಲೆಕ್ಕದಲ್ಲಿ ಹಣ ಕೊಡಬೇಕು. ಗಿರಾಕಿ ತಾವಾಗಿ ಕೊಟ್ಟ ಸಂಖ್ಯೆಗಳನ್ನಷ್ಟೇ ಬಳಸಿ. ಎಲ್ಲಿಂದಲೋ ಕೊಂಡ ಸಂಖ್ಯೆಗಳ ಪಟ್ಟಿಗೆ ಸಂದೇಶ ಕಳುಹಿಸಿದರೆ ಜನ ದೂರು ಕೊಡುತ್ತಾರೆ, ಖಾತೆ ಮುಚ್ಚುತ್ತದೆ.

ಹಣ ಕೊಟ್ಟ ಜಾಹೀರಾತು

ತುರ್ತಾಗಿ ಬೇಕಾಗುವುದಕ್ಕೆ ಹುಡುಕಾಟದ ಜಾಹೀರಾತು ಸರಿ: ಪಂಪ್‌ಸೆಟ್ ದುರಸ್ತಿ, ಆಂಬುಲೆನ್ಸ್, ಪ್ರವೇಶಾತಿ ಕಾಲದ ಕಾಲೇಜು. ಆಸೆ ಹುಟ್ಟಿಸಿ ಮಾರುವುದಕ್ಕೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತು ಸರಿ. ಎಲ್ಲವನ್ನೂ ಎಐಗೆ ಒಪ್ಪಿಸುವ ಗೂಗಲ್‌ನ ಪರ್ಫಾರ್ಮೆನ್ಸ್ ಮ್ಯಾಕ್ಸ್, ಖರೀದಿಗಳ ದಾಖಲೆ ಧಾರಾಳವಾಗಿ ಸಿಗುವ ಆನ್‌ಲೈನ್ ಅಂಗಡಿಗಳಿಗೆ ಹೊಂದುತ್ತದೆ. ತಿಂಗಳಿಗೆ ಬೆರಳೆಣಿಕೆಯ ವಿಚಾರಣೆ ಬರುವ ಸಣ್ಣ ವ್ಯಾಪಾರದಲ್ಲಿ ಯಂತ್ರಕ್ಕೆ ಕಲಿಯಲು ಸಾಮಗ್ರಿಯೇ ಇರುವುದಿಲ್ಲ. ಅಂಥವರು ಕೆಲವೇ ಪದಗಳನ್ನು ಆರಿಸಿ ಸರಳ ಹುಡುಕಾಟದ ಜಾಹೀರಾತನ್ನೇ ನಡೆಸುವುದು ಮೇಲು. ಒಂದು ಆಯ್ಕೆಯನ್ನು ತಪ್ಪದೆ ನೋಡಿ: ಗೂಗಲ್ ಜಾಹೀರಾತಿನ ಸ್ಥಳದ ಭಾಗದಲ್ಲಿ, ಆ ಊರಿನಲ್ಲಿ ಇರುವವರ ಜೊತೆಗೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ತೋರಿಸುವಂತೆ ಮೊದಲೇ ಹೊಂದಿಸಿರುತ್ತದೆ. ವಿಜಯಪುರದ ಪಂಪ್ ಮೆಕ್ಯಾನಿಕ್‌ನ ಜಾಹೀರಾತನ್ನು ದೆಹಲಿಯಲ್ಲಿ ಕೂತು ಗೋಳಗುಮ್ಮಟದ ಬಗ್ಗೆ ಓದುವವರಿಗೆ ತೋರಿಸಿ ಏನು ಪ್ರಯೋಜನ? 'ಈ ಸ್ಥಳದಲ್ಲಿ ಇರುವವರು' ಎಂಬುದನ್ನು ಮಾತ್ರ ಉಳಿಸಿ. ವಸತಿಗೃಹದವರು ಮಾತ್ರ ಆಸಕ್ತರನ್ನೂ ಇಟ್ಟುಕೊಳ್ಳಲಿ, ಅವರ ಗಿರಾಕಿ ಹೊರಗಿನವರೇ ತಾನೇ. ಬಜೆಟ್ ಲೆಕ್ಕ ಹಾಕುವಾಗ ಶೇ 18ರ ಜಿಎಸ್‌ಟಿಯನ್ನೂ ಸೇರಿಸಿಕೊಳ್ಳಿ.

ವಿನ್ಯಾಸ: ಎಐ, ಸಿದ್ಧ ಮಾದರಿ, ಮನುಷ್ಯ

ಈ ಭಾಗದಲ್ಲಿ ನನಗೆ ಹೇಳಬೇಕಾದದ್ದು ಹೆಚ್ಚು, ಏಕೆಂದರೆ ಹಾನಿ ಹೆಚ್ಚು ಆಗುತ್ತಿರುವುದು ಇಲ್ಲೇ.

ಚಿತ್ರ ಹುಟ್ಟಿಸುವ ಎಐ ಈಗ ಯಾರ ಮೊಬೈಲಿನಲ್ಲೂ ಇದೆ. ಹಬ್ಬದ ಶುಭಾಶಯ, ನಾಳೆ ಹರಿದುಹೋಗುವ ಪೋಸ್ಟರ್, ಮನಸ್ಸಿನಲ್ಲಿರುವುದನ್ನು ವಿನ್ಯಾಸಕರಿಗೆ ತೋರಿಸಲು ಬೇಕಾದ ಕರಡು, ಇವುಗಳಿಗೆ ಧಾರಾಳವಾಗಿ ಬಳಸಿ. ಆದರೆ ಮಾರುವ ವಸ್ತುವಿನ ಚಿತ್ರವನ್ನು ಅದರಿಂದ ಮಾಡಿಸಬೇಡಿ. ಇಳಕಲ್ ಸೀರೆಯನ್ನೇ ನೋಡಿ. ಅದರ ಗುರುತು ಟೋಪ್ ತೆನೆ ಎಂಬ ವಿನ್ಯಾಸದ ಸೆರಗಿನಲ್ಲಿದೆ, ಒಡಲಿನ ಹಾಸು ನೂಲಿಗೂ ಸೆರಗಿನ ಹಾಸು ನೂಲಿಗೂ ಕೊಂಡಿ ಹಾಕಿ ಕೂಡಿಸುವ ನೇಯ್ಗೆಯಲ್ಲಿದೆ, ಅಗಲ ಅಂಚಿನಲ್ಲಿದೆ. ಎಐ ಚಿತ್ರದಲ್ಲಿ ಬಣ್ಣ ಇಳಕಲ್‌ನದೇ ಇರಬಹುದು, ಸೆರಗು ಮಾತ್ರ ಬನಾರಸಿಗೋ ಇನ್ನಾವುದಕ್ಕೋ ಜಾರುತ್ತದೆ. ಅದನ್ನು ನೋಡಿ ಕೊಂಡವರ ಕೈಗೆ ಬೇರೆ ಸೀರೆ ಬಂದರೆ ಅವರು ಹಿಂದಿರುಗಿಸುತ್ತಾರೆ, ಮತ್ತೆ ಬರುವುದಿಲ್ಲ. ಸರಕಿಗೆ ಹೊಂದದ ಚಿತ್ರ ತೋರಿಸಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ದಾರಿತಪ್ಪಿಸುವ ಜಾಹೀರಾತೂ ಆಗಬಹುದು. ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು: ತಪ್ಪು ಚಿತ್ರಗಳು ಅಂತರ್ಜಾಲದಲ್ಲಿ ತುಂಬಿದಷ್ಟೂ ಮುಂದೆ ಇಳಕಲ್ ಸೀರೆ ಎಂದರೆ ಯಂತ್ರ ತೋರಿಸುವುದು ಆ ತಪ್ಪನ್ನೇ. ಗುಳೇದಗುಡ್ಡದ ಖಣಕ್ಕೂ ಇದೇ ಅಪಾಯ. ಭೌಗೋಳಿಕ ಗುರುತು ಪಡೆದ ನೇಯ್ಗೆಯನ್ನು ಕಾಪಾಡುವ ಹೊಣೆ ಅದನ್ನು ಮಾರುವವರ ಮೇಲೂ ಇದೆ.

ನಿಜವಾದ ಫೋಟೊದಿಂದ ಹುಡುಕಾಟದಲ್ಲಿಯೂ ಲಾಭವಿದೆ. ಮದುವೆಯಲ್ಲಿ ಕಂಡ ಸೀರೆಯ ಚಿತ್ರ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕುವವರು ಈಗ ಇದ್ದಾರೆ. ಬೆಳಗಿನ ಬಿಸಿಲಿನಲ್ಲಿ, ಸರಳ ಹಿನ್ನೆಲೆಯಲ್ಲಿ, ಸೆರಗು, ಅಂಚು, ಒಡಲು ಬೇರೆ ಬೇರೆಯಾಗಿ ಕಾಣುವಂತೆ ಮೊಬೈಲಿನಲ್ಲೇ ತೆಗೆದ ಚಿತ್ರಗಳು ಅಲ್ಲಿ ಹೊಂದುತ್ತವೆ. ಹಿನ್ನೆಲೆ ಅಳಿಸಲು, ಬೆಳಕು ಸರಿಮಾಡಲು ಎಐ ಬಳಸಿದರೆ ಅಡ್ಡಿಯಿಲ್ಲ.

ಇನ್ನು ಅಕ್ಷರ. ಎಐ ಬಿಡಿಸುವ ಚಿತ್ರದೊಳಗಿನ ಕನ್ನಡವನ್ನು ಒಂದೊಂದೇ ಅಕ್ಷರವಾಗಿ ಓದಿ ನೋಡಿ: ಒತ್ತಕ್ಷರ ಜಾರಿರುತ್ತದೆ, ದೀರ್ಘ ಮಾಯವಾಗಿರುತ್ತದೆ, ಅಕ್ಷರವೇ ಅಲ್ಲದ ಆಕಾರವೊಂದು ನಡುವೆ ಕೂತಿರುತ್ತದೆ. ಯಂತ್ರ ಸುಧಾರಿಸುತ್ತಿದೆ, ಆದರೂ ಅಂಗಡಿಯ ಹಲಗೆಯ ಮೇಲೆ ತಪ್ಪು ಕನ್ನಡ ಬರೆಸುವ ಹಕ್ಕು ಯಾವ ಯಂತ್ರಕ್ಕೂ ಇಲ್ಲ. ಚಿತ್ರವನ್ನು ಮಾತ್ರ ಅಲ್ಲಿಂದ ತೆಗೆದುಕೊಂಡು ಅಕ್ಷರವನ್ನು ನೀವೇ ಕೂಡಿಸಿ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಅಕ್ಷರವಿನ್ಯಾಸಗಳು, ವ್ಯಾಪಾರಕ್ಕೂ ಉಚಿತ. ದಪ್ಪ ಹಲಗೆಗೆ ಬಾಲೂ ತಮ್ಮ ಚೆನ್ನ, ಓದುವ ಪುಟಕ್ಕೆ ನೋಟೊ ಅಥವಾ ತಿರೊ.

ಹಳೆಯ ಡಿಟಿಪಿ ಅಂಗಡಿಗಳಿಂದ ಬರುವ ಕನ್ನಡದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಪೇಜ್‌ಮೇಕರ್, ಕೋರಲ್‌ಡ್ರಾಗಳಿಗಾಗಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಬರಹ ಯೂನಿಕೋಡ್ (ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲ. ಮುದ್ರಣದಲ್ಲಿ ಅದು ಸರಿಯಾಗಿಯೇ ಕಾಣುತ್ತದೆ, ಆದರೆ ವೆಬ್ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗುತ್ತದೆ. ಅದನ್ನು ತಪ್ಪಿಸಲು ಕೆಲವರು ಇಡೀ ಬರಹವನ್ನು ಚಿತ್ರ ಮಾಡಿ ಹಾಕಿಬಿಡುತ್ತಾರೆ. ಆಗ ಕಣ್ಣಿಗೆ ಕಾಣುವ ಕನ್ನಡ ಹುಡುಕಾಟದ ಲೆಕ್ಕಕ್ಕೆ ಬಹುಮಟ್ಟಿಗೆ ಇಲ್ಲದಂತೆಯೇ. 'ನುಡಿ', 'ಬರಹ' ಎಂಬ ಎರಡೂ ಕನ್ನಡ ತಂತ್ರಾಂಶಗಳ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಹಳೆಯ ಬರಹವನ್ನು ಪರಿವರ್ತಿಸುವ ಸಾಧನಗಳೂ ಇವೆ. ಕೆಲಸ ಒಪ್ಪಿಸುವ ಮೊದಲೇ 'ಬರಹ ಯೂನಿಕೋಡ್‌ನಲ್ಲಿ ಬೇಕು' ಎಂದು ಹೇಳಿ.

ಕ್ಯಾನ್ವಾದಂಥ ಸಿದ್ಧ ಮಾದರಿಗಳು ನಡುವಿನ ದಾರಿ. ದಿನನಿತ್ಯದ ಪೋಸ್ಟರ್, ದರಪಟ್ಟಿ, ಸ್ಟೇಟಸ್‌ಗಳಿಗೆ ಅವು ಸಾಕು; ಮನೆಯವರೇ ಕಲಿಯಬಹುದು. ಲೋಗೊಗೆ ಮಾತ್ರ ಬೇಡ. ಅಲ್ಲಿನ ಮಾದರಿಗಳನ್ನೂ ಸಿದ್ಧ ಚಿತ್ರಗಳನ್ನೂ ಬಳಸಿ ಮಾಡಿದ ಲೋಗೊವನ್ನು ಟ್ರೇಡ್‌ಮಾರ್ಕ್ ಮಾಡಿಸುವಂತಿಲ್ಲ ಎಂದು ಕ್ಯಾನ್ವಾದ ನಿಯಮವೇ ಹೇಳುತ್ತದೆ. ಗೋಕಾಕದಲ್ಲೇ ಎಷ್ಟು ಕರದಂಟಿನ ಅಂಗಡಿಗಳಿವೆ ನೋಡಿ. ಪೊಟ್ಟಣದ ಮೇಲಿನ ಗುರುತು ನಿಮ್ಮದೊಬ್ಬರದೇ ಆಗಿರಬೇಕು. ವಿನ್ಯಾಸಕರಿಗೆ ಕೊಡುವ ಹಣವನ್ನು ಲೋಗೊ, ಪೊಟ್ಟಣ, ಅಂಗಡಿ ಹಲಗೆ ಈ ಮೂರಕ್ಕೆ ಕೂಡಿಡಿ, ಅವು ವರ್ಷಗಟ್ಟಲೆ ಬಾಳುತ್ತವೆ. ಮುಗಿದ ಮೇಲೆ ಜೆಪಿಜಿ ಚಿತ್ರ ಮಾತ್ರವಲ್ಲ, ತಿದ್ದಬಹುದಾದ ಮೂಲ ಕಡತವನ್ನೂ ಕೇಳಿ ಪಡೆಯಿರಿ.

ಏಜೆನ್ಸಿಯೋ, ಒಬ್ಬ ವೃತ್ತಿಪರರೋ, ಮನೆಯವರೋ?

ತಿಂಗಳ ಪ್ಯಾಕೇಜಿನ ಏಜೆನ್ಸಿ ಹಲವು ಶಾಖೆಗಳಿರುವ ಆಸ್ಪತ್ರೆ, ಶಾಲೆ, ಆಭರಣ ಮಳಿಗೆಗಳಿಗೆ ಸರಿ. ಸಣ್ಣ ವ್ಯಾಪಾರಕ್ಕೆ ಸ್ವತಂತ್ರ ವೃತ್ತಿಪರರೊಬ್ಬರು ಒಮ್ಮೆ ವ್ಯವಸ್ಥೆ ಕಟ್ಟಿಕೊಟ್ಟು, ಮನೆಯವರೊಬ್ಬರು ಅದನ್ನು ನಡೆಸಿಕೊಂಡು ಹೋಗುವುದು ಹೆಚ್ಚು ಬಾಳಿಕೆ ಬರುತ್ತದೆ. ಬೆಳಗಾವಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇರುವ ಊರು, ಕೆಲಸ ಬಲ್ಲ ಯುವಕ ಯುವತಿಯರಿಗೆ ಕೊರತೆಯಿಲ್ಲ. ಮನೆಯ ಸೊಸೆಯೋ ಮಗನೋ ಗಿರಾಕಿಯ ಪ್ರಶ್ನೆಗಳನ್ನು ದಿನವೂ ಕೇಳಿರುತ್ತಾರೆ. ಅವರು ಬರೆಯುವ ಎರಡು ವಾಕ್ಯ ಹೊರಗಿನವರು ಬರೆಯುವ ಇಡೀ ಪುಟಕ್ಕಿಂತ ಉಪಯುಕ್ತ.

'ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ' ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಅಂಥ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಸ್ವತಃ ಬರೆದಿದೆ. ಎಐ ಉತ್ತರದಲ್ಲಿ ನಿಮ್ಮ ಹೆಸರು ಬರುವಂತೆ ಮಾಡುತ್ತೇವೆ ಎಂಬ ಹೊಸ ಗ್ಯಾರಂಟಿಗೂ ಇದೇ ಮಾತು ಅನ್ವಯಿಸುತ್ತದೆ.

ಯಾರಿಗೇ ಕೆಲಸ ಕೊಟ್ಟರೂ ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ನೋಂದಣಿಯಾಗಬೇಕು. ಗೂಗಲ್ ಪ್ರೊಫೈಲಿನಲ್ಲಿ ನೀವು ಪ್ರಾಥಮಿಕ ಮಾಲೀಕರು, ಅವರು ವ್ಯವಸ್ಥಾಪಕರು ಮಾತ್ರ. ಜಾಹೀರಾತಿನ ಖಾತೆ ನಿಮ್ಮದು, ಹಣ ನಿಮ್ಮ ಕಾರ್ಡಿನಿಂದ ನೇರವಾಗಿ ಗೂಗಲ್‌ಗೆ ಹೋಗಬೇಕು, ಕೆಲಸದವರ ಶುಲ್ಕ ಬೇರೆ. ಇದನ್ನು ಮೊದಲ ದಿನವೇ ಬರೆಸಿಕೊಳ್ಳದಿದ್ದರೆ, ಬೇರೆಯಾಗುವ ದಿನ ನಿಮ್ಮ ವಿಮರ್ಶೆಗಳೂ ವಿಳಾಸವೂ ಇನ್ನೊಬ್ಬರ ಕೈಯಲ್ಲಿರುತ್ತವೆ. ತಿಂಗಳ ವರದಿಯಲ್ಲಿ ಎಷ್ಟು ಲೈಕ್ ಎಂದು ಕೇಳಬೇಡಿ. ಎಷ್ಟು ಕರೆ ಬಂದವು, ಎಷ್ಟು ಜನ ದಾರಿ ಕೇಳಿದರು, ವಾಟ್ಸಾಪ್‌ನಲ್ಲಿ ಎಷ್ಟು ವಿಚಾರಣೆ ಬಂದವು ಎಂದು ಕೇಳಿ.

ಎಐ ಉತ್ತರ ನೋಡಿ ಬಂದವರ ಲೆಕ್ಕ ಈ ವರದಿಗಳಲ್ಲಿ ಸರಿಯಾಗಿ ಸಿಗುವುದಿಲ್ಲ, ಏಕೆಂದರೆ ಅವರು ಕೊಂಡಿ ಒತ್ತದೆ ನೇರವಾಗಿ ಕರೆ ಮಾಡುತ್ತಾರೆ ಇಲ್ಲವೇ ಅಂಗಡಿಗೇ ಬರುತ್ತಾರೆ. ಅದಕ್ಕೆ ಬಿಲ್ ಮಾಡುವವರ ಪಕ್ಕ ಒಂದು ಪುಸ್ತಕ ಇಟ್ಟು, ಹೊಸ ಗಿರಾಕಿಗೆ 'ನಮ್ಮ ವಿಷಯ ಎಲ್ಲಿ ತಿಳಿಯಿತು?' ಎಂದು ಕೇಳಿ ಬರೆದುಕೊಳ್ಳಿ. ಜೊತೆಗೆ ತಿಂಗಳಿಗೊಮ್ಮೆ ಗಿರಾಕಿಯಂತೆಯೇ ಕನ್ನಡ, ಮರಾಠಿ, ಇಂಗ್ಲಿಷ್‌ಗಳಲ್ಲಿ ನಿಮ್ಮ ಕಸುಬಿನ ಬಗ್ಗೆ ಗೂಗಲ್ ಎಐ ಮೋಡ್‌ನಲ್ಲೂ ಚಾಟ್‌ಜಿಪಿಟಿಯಲ್ಲೂ ಪ್ರಶ್ನೆ ಕೇಳಿ, ಯಾವ ಪುಟಗಳನ್ನು ಆಧಾರವಾಗಿ ತೋರಿಸುತ್ತದೆ ಎಂದು ನೋಡಿ. ನಿಮ್ಮ ಸಮಯ, ವಿಳಾಸ, ದರ ತಪ್ಪಾಗಿ ಬರುತ್ತಿದ್ದರೆ ಆ ತಪ್ಪು ಯಾವುದೋ ಹಳೆಯ ಪಟ್ಟಿಯಲ್ಲಿ ಉಳಿದುಕೊಂಡಿರುತ್ತದೆ. ಅದನ್ನು ಹುಡುಕಿ ಅಲ್ಲೇ ತಿದ್ದಿಸಿ. ಪುಸ್ತಕವನ್ನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಕೂತು ಓದಿದರೆ ಮುಂದಿನ ಆರು ತಿಂಗಳ ಹಣ ಯಾವ ಕಡೆ ಹೋಗಬೇಕೆಂದು ಅದರಲ್ಲೇ ಇರುತ್ತದೆ.